ಚಿಲಕನ ಉಪವಾಸ

ನಮ್ಮಕ್ಕನಿಗೆ ಬೀದಿಯವರು ಇಟ್ಟ ಹೆಸರು ಬೆಕ್ಕಿನಕ್ಕ. ಪ್ರವಾಸ ಹೊರಟವರು, ಮನೆಗೆ ಬಣ್ಣ ಹೊಡೆಸುವವರು, ಹೆರಿಗೆಗೆ ಹೋಗುವವರು, ಎಲ್ಲರೂ ತಂತಮ್ಮ ಬೆಕ್ಕನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ಬಂದು ಅವಳ ಮಹಡಿಯಲ್ಲಿ ಬಿಟ್ಟುಹೋಗುತ್ತಾರೆ. ಅಲ್ಲಿ ಹನ್ನೆರಡು ಗೂಡುಗಳಿವೆ. ಗೂಡು ಎಂದು ನಾನು ಬರೆಯುತ್ತಿರುವುದು ಅವಳು ಇದನ್ನು ಓದುವುದಿಲ್ಲ ಎಂಬ ಧೈರ್ಯದಿಂದ. ಎದುರಿಗೆ ಯಾರಾದರೂ ಹಾಗೆಂದರೆ, "ಗೂಡು ಕೋಳಿಗೆ. ಇದು ರೂಮು" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾಳೆ. ನಿಜಕ್ಕೂ ಒಂದೊಂದಕ್ಕೂ ಜಾಲರಿಯ ಬಾಗಿಲು, ಬೀದಿ ಕಾಣುವ ಕಿಟಕಿ, ಹತ್ತಿ ಕೂರಲು ಹಲಗೆ, ಮೂಲೆಯಲ್ಲಿ ಮರಳಿನ ತಟ್ಟೆ ಎಲ್ಲ ಇವೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಸಿಕ್ಕಿದ್ದ ಬಾಡಿಗೆ ಕೋಣೆಗೆ ಕಿಟಕಿಯೇ ಇರಲಿಲ್ಲ.

ಅಕ್ಕ ಮೊದಲು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಇಪ್ಪತ್ತಾರು ವರ್ಷ ವಾರ್ಡನ್ ಆಗಿದ್ದವಳು. ಹಾಸ್ಟೆಲ್ ಮುಚ್ಚಿತು, ಸುಮ್ಮನೆ ಕೂರುವುದು ಅವಳ ಜಾಯಮಾನವಲ್ಲ, ಬೆಕ್ಕುಗಳನ್ನು ಸೇರಿಸಿಕೊಂಡಳು. ನಿಯಮಗಳು ಮಾತ್ರ ಹಾಗೆಯೇ ಉಳಿದವು. ಬೆಳಗ್ಗೆ ಏಳಕ್ಕೆ ಊಟ, ಹತ್ತಕ್ಕೆ ಓಡಾಟ, ಸಂಜೆ ಐದರಿಂದ ಆರರೊಳಗೆ ಮನೆಯವರು ಫೋನ್ ಮಾಡಬಹುದು. ಜಗಳಗಂಟರಿಗೆ ಓಡಾಟದ ಹೊತ್ತು ಬೇರೆ ಬೇರೆ. ವಕೀಲಮ್ಮ ಒಬ್ಬರ ಎರಡು ಬೆಕ್ಕುಗಳಿವೆ, ವಾದಿ ಮತ್ತು ಪ್ರತಿವಾದಿ ಎಂದು. ಅವನ್ನು ಒಟ್ಟಿಗೆ ಬಿಟ್ಟರೆ ತೀರ್ಪು ಬರುವಷ್ಟರಲ್ಲಿ ಮಹಡಿಯ ತುಂಬ ಕೂದಲು. "ಆ ಹುಡುಗೀರಿಗಿಂತ ಇವೇ ವಾಸಿ ಕಣೇ. ಮನೆಗೆ ಕಾಗದ ಬರೆದು ನನ್ನ ಮೇಲೆ ಚಾಡಿ ಹೇಳಲ್ಲ" ಎನ್ನುತ್ತಾಳೆ ಅಕ್ಕ.

ಅವಳ ನಿಯಮಗಳಲ್ಲಿ ಒಂದು ಮಾತ್ರ ನನಗೆ ಮೊದಲ ದಿನದಿಂದಲೂ ಹೇಸಿಗೆ. ಬೆಕ್ಕು ಬಿಡಲು ಬಂದವರು ತಾವು ಮೈಮೇಲೆ ಹಾಕಿ ತೆಗೆದ, ಒಗೆಯದ ಬಟ್ಟೆಯೊಂದನ್ನು ಅದರ ಜೊತೆಗೆ ಬಿಟ್ಟುಹೋಗಬೇಕು. ಹೊಸ ಜಾಗದಲ್ಲಿ ಬೆಕ್ಕು ಆ ವಾಸನೆಯ ಮೇಲೆ ಮಲಗುತ್ತದಂತೆ, ಮನೆಯಲ್ಲೇ ಇದ್ದೇನೆ ಅಂದುಕೊಂಡು ಊಟ ಮಾಡುತ್ತದಂತೆ. ಜನ ನಾಚಿಕೊಂಡು ಇಸ್ತ್ರಿ ಮಾಡಿದ್ದನ್ನು ತಂದರೆ ಅಕ್ಕ ಮುಲಾಜಿಲ್ಲದೆ ವಾಪಸು ಕೊಡುತ್ತಾಳೆ. ಬ್ಯಾಂಕ್ ಮ್ಯಾನೇಜರ್ ಒಬ್ಬರು ರೈಲಿಗೆ ಹೊತ್ತಾಯಿತೆಂದು ಎಷ್ಟು ಬೇಡಿಕೊಂಡರೂ ಬಿಡಲಿಲ್ಲ. "ಇದನ್ನೇ ಹಾಕ್ಕೊಂಡು ನಾಲ್ಕು ಸಲ ಮೆಟ್ಟಿಲು ಹತ್ತಿ ಇಳೀರಿ, ಬೆವರು ಬರುತ್ತೆ" ಎಂದಳು. ಆ ದೊಡ್ಡ ಮನುಷ್ಯರು ಟೈ ಬಿಚ್ಚಿಟ್ಟು ಹತ್ತಿ ಇಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈ ವಿದ್ಯೆ ಅವಳಿಗೆ ಬಂದದ್ದು ಹಾಸ್ಟೆಲಿನಿಂದಲೇ. ಹೊಸದಾಗಿ ಸೇರಿದ ಹುಡುಗಿಯರ ದಿಂಬಿನ ಕೆಳಗೆ ಅಮ್ಮ ಉಟ್ಟುಬಿಟ್ಟ ಬಟ್ಟೆಯ ಮುದ್ದೆ ಸಿಗುತ್ತಿತ್ತಂತೆ. ಮೊದಲ ತಿಂಗಳು ಅದನ್ನು ಯಾರೂ ಮುಟ್ಟಬಾರದೆಂದು ಅಕ್ಕ ಕಸ ಗುಡಿಸುವವಳಿಗೆ ಕಟ್ಟಪ್ಪಣೆ ಮಾಡಿದ್ದಳಂತೆ.

ಇನ್ನು ನನ್ನ ಸಮಾಚಾರ. ನಾನು ಊರಿನ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ದುಡಿದು, ಕೊನೆಯ ಹನ್ನೆರಡು ವರ್ಷ ಅದರ ಮುಖ್ಯಸ್ಥೆಯಾಗಿ ನಿವೃತ್ತಳಾದವಳು. ರಕ್ತ, ಔಷಧಿ, ಅಯೋಡಿನ್, ಯಾವ ಕಲೆ ಯಾವ ನೀರಿಗೆ ಹೋಗುತ್ತದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ನನ್ನ ಕಾಲದಲ್ಲಿ ಆ ಆಸ್ಪತ್ರೆಯ ಹಾಸಿಗೆ ಹೊದಿಕೆಗಳನ್ನು ನೋಡಿದ ರೋಗಿಗಳಿಗೆ ಅರ್ಧ ಕಾಯಿಲೆ ವಾಸಿಯಾಗುತ್ತಿತ್ತು ಎಂದು ದೊಡ್ಡ ಡಾಕ್ಟರೇ ಹೇಳಿದ್ದರು. ನಿವೃತ್ತಿಯಾದ ಮೇಲೆ ಅಕ್ಕ, "ಒಬ್ಬಳೇ ಅಲ್ಲೇನು ಮಾಡ್ತೀಯ, ಬಾ" ಎಂದಳು. ಬಂದೆ. ಬಂದ ಮೇಲೆ ಅವಳು ಬೆಕ್ಕಿನ ಒಂದು ಕೆಲಸವನ್ನೂ ನನ್ನ ಕೈಗೆ ಕೊಡಲಿಲ್ಲ. ಇನ್ನೊಬ್ಬರ ಮನೆಯಲ್ಲಿ ದಂಡಪಿಂಡದ ಹಾಗೆ ಕೂತು ತಿನ್ನುವುದು ನನಗಾಗದು, ಅಕ್ಕನ ಮನೆಯಾದರೂ ಸರಿಯೆ.

ಹೀಗಿರುವಾಗ ಒಂದು ಭಾನುವಾರ ಬೀಗ ರಿಪೇರಿಯವರು ಬಂದರು. ಅರವತ್ತು ದಾಟಿದ ಒಂಟಿ ಮನುಷ್ಯ. ಮುಂದೆ ಅಂಗಡಿ, ಹಿಂದೆ ಒಂದು ಮಂಚ, ಅಷ್ಟೇ ಅವರ ಸಂಸಾರ. ಬುಟ್ಟಿಯಲ್ಲಿ ಕಂದು ಬಣ್ಣದ ದಢೂತಿ ಗಂಡುಬೆಕ್ಕು, ಹೆಸರು ಚಿಲಕ. ಅವರಿಗೆ ನಾನು ದುಡಿದ ಆಸ್ಪತ್ರೆಯಲ್ಲೇ ಹರ್ನಿಯಾ ಆಪರೇಷನ್ ಆಗಬೇಕಾಗಿತ್ತು, ಗುರುವಾರ ಮಧ್ಯಾಹ್ನ ಎರಡಕ್ಕೆ. ಸೋಮವಾರವೇ ಹೋಗಿ ಸೇರಿಕೊಳ್ಳಬೇಕಿತ್ತು. ಎರಡು ಸಲ ದಿನ ನಿಗದಿಯಾಗಿ ಎರಡು ಸಲವೂ ತಪ್ಪಿಸಿಕೊಂಡಿದ್ದರು. ಚಿಲಕನನ್ನು ನೋಡಿಕೊಳ್ಳುವವರಿಲ್ಲ ಎಂಬ ಕಾರಣಕ್ಕೆ.

"ಈ ಸಲವೂ ತಪ್ಪಿಸಿದ್ರೆ ಕರುಳು ಸಿಕ್ಕಿಹಾಕ್ಕೊಂಡು ಪ್ರಾಣಕ್ಕೇ ಬರುತ್ತೆ ಅಂತ ಡಾಕ್ಟರು ಬೈದಿದಾರೆ ಅಮ್ಮಾವ್ರೇ" ಎಂದರು. "ಆದ್ರೆ ಇವನು ನನ್ನ ಬಿಟ್ಟು ಒಂದು ದಿನವೂ ಇದ್ದವನಲ್ಲ. ಇವನು ಊಟ ಬಿಟ್ಟ ಅಂತ ಗೊತ್ತಾದ್ರೆ ನಾನು ಅಲ್ಲಿಂದ ಎದ್ದು ಬಂದುಬಿಡ್ತೀನಿ, ಮೊದಲೇ ಹೇಳಿದೀನಿ."

"ನೀವು ಎದ್ದು ಬಂದ್ರೆ ನಾನು ಬಾಗಿಲು ತೆಗೆಯಲ್ಲ, ನಾನೂ ಮೊದಲೇ ಹೇಳಿದೀನಿ" ಎಂದಳು ಅಕ್ಕ.

ಅವರು ಬಿಟ್ಟುಹೋದ ನೀಲಿ ಅಂಗಿಯನ್ನು ನೋಡಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಗ್ರೀಸು, ಕಬ್ಬಿಣದ ಪುಡಿ, ಬೆವರು. ಕಾಲರು ಕಪ್ಪಗೆ ಹಲಗೆಯ ಹಾಗೆ ಗಟ್ಟಿಯಾಗಿತ್ತು. ಚಿಲಕ ಆ ಕಾಲರಿನೊಳಗೆ ಮೂಗು ತುರುಕಿ ಮಲಗಿದ, ಎದ್ದು ಊಟ ಮಾಡಿದ, ಮತ್ತೆ ಮೂಗು ತುರುಕಿದ. ಎರಡು ದಿನ ಯಾವ ತಕರಾರೂ ಇರಲಿಲ್ಲ.

ಮಂಗಳವಾರ ಅಕ್ಕ ಬೆಕ್ಕಿನ ಆಹಾರ ತರಲು ಪೇಟೆಗೆ ಹೊರಟಳು. ಬರುವುದು ಸಂಜೆ. "ನೀರು ಹಾಕು, ಮರಳು ಬದಲಾಯಿಸು, ಅಷ್ಟು ಸಾಕು" ಎಂದು ಹೇಳಿಹೋದಳು. ಅಷ್ಟನ್ನು ಮುಗಿಸಲು ನನಗೆ ಒಂದು ಗಂಟೆ ಹಿಡಿಯಿತು. ಆಮೇಲೆ ಹನ್ನೆರಡು ರೂಮುಗಳಲ್ಲಿ ಹನ್ನೆರಡು ಕೊಳಕು ಬಟ್ಟೆಗಳು ನನ್ನನ್ನೇ ನೋಡತೊಡಗಿದವು. ಅವಳ ನಿಯಮ ನನಗೆ ಗೊತ್ತಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಆದರೆ ವಾಸನೆ ಹಿಡಿಯುವುದು ಮೊದಲ ದಿನಕ್ಕೆ ತಾನೆ, ಈಗ ಬೆಕ್ಕುಗಳು ಹೊಂದಿಕೊಂಡಿವೆ, ಇನ್ನಾದರೂ ಸ್ವಚ್ಛವಾದದ್ದರ ಮೇಲೆ ಮಲಗಲಿ ಎಂದು ನನಗೆ ನಾನೇ ವಾದ ಹೂಡಿ ನಾನೇ ಗೆದ್ದೆ. ಹಂಡೆಯಲ್ಲಿ ನೀರು ಕುದಿಸಿದೆ. ಸೋಡಾ ಹಾಕಿ ನೆನೆಸಿ, ತಿಕ್ಕಿ, ಮೂರು ನೀರಿನಲ್ಲಿ ಜಾಲಿಸಿ, ಒಣಗಿಸಿ, ಇಸ್ತ್ರಿ ಹಾಕಿ, ಆಸ್ಪತ್ರೆಯ ಮಡಿಕೆಯಲ್ಲಿ ಮೂಲೆಗೆ ಮೂಲೆ ಕೂಡಿಸಿ ಮಡಚಿ ಆಯಾ ರೂಮಿನಲ್ಲಿ ಇಟ್ಟೆ. ನೀಲಿ ಅಂಗಿಯ ಕಾಲರಿಗೇ ಮುಕ್ಕಾಲು ಗಂಟೆ ಬೇಕಾಯಿತು. ಅಂಗಡಿಯಿಂದ ಇವತ್ತೇ ತಂದ ಹಾಗಿತ್ತು. ಅಕ್ಕ ಬಂದು ಏನೆನ್ನುವಳೋ ಎಂದು ಒಳಗೊಳಗೇ ಹಿಗ್ಗುತ್ತಾ ಕಾದೆ.

ಅಕ್ಕ ಬಂದಳು. ಅಷ್ಟರಲ್ಲಿ ಮಹಡಿಯಲ್ಲಿ ಹನ್ನೆರಡು ಬೆಕ್ಕುಗಳು ಒಂದೇ ಸಮನೆ ಕೂಗುತ್ತಿದ್ದವು. ವಾದಿ ಪ್ರತಿವಾದಿಗಳು ಕೂಡ ಮೊದಲ ಸಲ ಒಂದೇ ಪಕ್ಷದಲ್ಲಿದ್ದವು. ಅವಳು ಮೆಟ್ಟಿಲ ಮಧ್ಯದಲ್ಲಿ ನಿಂತು ಮೂಗು ಅರಳಿಸಿದಳು. ಸೋಪಿನ ವಾಸನೆ ಬಡಿಯಿತು.

"ಏನೇ ಮಾಡಿದೆ?"

"ಒಗೆದೆ."

"ಎಲ್ಲಾನೂ?"

"ಒಂದೂ ಬಿಟ್ಟಿಲ್ಲ" ಎಂದೆ, ಇನ್ನೂ ಹೆಮ್ಮೆಯಿಂದಲೇ.

ಅಕ್ಕ ಚೀಲವನ್ನು ಅಲ್ಲೇ ಕೆಳಗಿಟ್ಟು ಮೆಟ್ಟಿಲ ಮೇಲೆ ಕುಳಿತಳು. "ಬೆಕ್ಕುಗಳು ನಿನ್ನ ಕೈಗೆ ಸಿಗದೇ ಇದ್ದಿದ್ದು ಪುಣ್ಯ. ಅವಕ್ಕೂ ಇಸ್ತ್ರಿ ಹಾಕಿ ಮಡಚಿ ಇಟ್ಟುಬಿಡ್ತಿದ್ದೆ" ಎಂದಳು. ಆಮೇಲೆ ಮಾತು ನಿಲ್ಲಿಸಿದಳು. ಅಕ್ಕ ಬೈದರೆ ತಡೆದುಕೊಳ್ಳಬಹುದು, ಸುಮ್ಮನಾದರೆ ನನ್ನ ಕೈಕಾಲು ಆಡುವುದಿಲ್ಲ. ನಾನಿನ್ನು ಈ ಮನೆಯಲ್ಲಿ ಯಾವ ಮುಖ ಹೊತ್ತುಕೊಂಡು ಇರುವುದು ಎನಿಸಿತು.

ಬುಧವಾರದ ಹೊತ್ತಿಗೆ ಹನ್ನೊಂದು ಬೆಕ್ಕುಗಳು ಗೊಣಗುತ್ತ ಸರಿಹೋದವು. ಹಸಿವಿನ ಮುಂದೆ ಯಾವ ಮುನಿಸು ನಿಲ್ಲುತ್ತದೆ? ಚಿಲಕನದು ಮಾತ್ರ ನಿಂತಿತು. ಮಂಗಳವಾರ ಬೆಳಗ್ಗೆ ತಿಂದದ್ದೇ ಕೊನೆ. ಒಗೆದ ಅಂಗಿಯನ್ನು ಮೂಸಿ, ನನ್ನನ್ನು ಒಮ್ಮೆ ನೋಡಿ, ರೂಮಿನ ಮೂಲೆಯ ಪೆಟ್ಟಿಗೆಯ ಹಿಂದೆ ಸೇರಿಕೊಂಡ. ಮೀನು ಇಟ್ಟೆವು, ಹಾಲು ಇಟ್ಟೆವು, ಮೊಟ್ಟೆ ಇಟ್ಟೆವು. ತಿರುಗಿಯೂ ನೋಡಲಿಲ್ಲ. ಅಂಗಡಿಗೆ ಹೋಗಿ ಬೇರೆ ಬಟ್ಟೆ ತರೋಣವೆಂದರೆ ಬಾಗಿಲಿಗೆ ಅವರೇ ಮಾಡಿದ ಬೀಗ. ಊರಿನಲ್ಲಿ ಅದನ್ನು ಬಿಚ್ಚಬಲ್ಲವನು ಒಬ್ಬನೇ, ಅವನು ಆಸ್ಪತ್ರೆಯಲ್ಲಿ ಮಲಗಿದ್ದಾನೆ. ಕೀಲಿ ಕೇಳಲು ಹೋದರೆ ವಿಷಯ ತಿಳಿದು ಅಲ್ಲಿಂದ ಎದ್ದೇ ಬರುತ್ತಾನೆ.

ಸಂಜೆ ಐದಕ್ಕೆ ಸರಿಯಾಗಿ ಫೋನ್ ಬಂತು. ಅಕ್ಕನಿಗೆ ಸುಳ್ಳು ಹೇಳಲು ಬಾರದು, ರಿಸೀವರನ್ನು ನನ್ನ ಕೈಗೆ ತುರುಕಿದಳು.

"ಚಿಲಕ ಊಟ ಮಾಡ್ತಿದಾನಾ ಅಮ್ಮಾವ್ರೇ?"

"ಮಾಡದೆ ಏನು? ಬಟ್ಟಲು ನೆಕ್ಕಿ ನೆಕ್ಕಿ ತೊಳೆಯೋ ಕೆಲಸಾನೇ ಉಳಿಸಿದಾನೆ" ಎಂದೆ.

ಗುರುವಾರ ಬೆಳಗ್ಗೆ ಪ್ರಾಣಿಗಳ ಡಾಕ್ಟರು ಬಂದು ಚಿಲಕನ ಹೊಟ್ಟೆ ಒತ್ತಿ ನೋಡಿದರು. ದಪ್ಪ ಬೆಕ್ಕು ಹೀಗೆ ಉಪವಾಸ ಬಿದ್ದರೆ ಪಿತ್ತಜನಕಾಂಗ ಕೆಡುತ್ತದೆ, ಇವತ್ತು ತಿನ್ನದಿದ್ದರೆ ಮೂಗಿಗೆ ಕೊಳವೆ ಹಾಕಬೇಕಾಗುತ್ತದೆ, ಅಷ್ಟಾದರೂ ಉಳಿಯುತ್ತದೆಂದು ಹೇಳಲಾರೆ ಎಂದರು. ಅಕ್ಕ ತಲೆಯ ಮೇಲೆ ಕೈ ಹೊತ್ತು ಕುಳಿತಳು. ನಾನು ಚಪ್ಪಲಿ ಮೆಟ್ಟಿಕೊಂಡೆ. ಮಾಡಿದವಳು ನಾನು, ಅನುಭವಿಸುವುದು ಆ ಮೂಕಪ್ರಾಣಿಯೇ?

ನನ್ನ ಲೆಕ್ಕಾಚಾರ ಹೀಗಿತ್ತು. ರೋಗಿಗಳು ಹಾಕಿಕೊಂಡು ಬಂದ ಬಟ್ಟೆಗಳು ಚೀಲದಲ್ಲಿ ಲಾಂಡ್ರಿಗೆ ಬರುತ್ತವೆ. ಬೀಗದವರದ್ದು ಇನ್ನೂ ಒಗೆಯದಿದ್ದರೆ ಹೊಡೆದುಕೊಂಡು ಬಂದರಾಯಿತು. ಈಗಿನ ಮುಖ್ಯಸ್ಥೆ ನಾನೇ ಪಳಗಿಸಿದ ಶಿಷ್ಯೆ.

"ಅಯ್ಯೋ ಮೇಡಂ, ಅದು ನಿನ್ನೆಯೇ ಬಾಯ್ಲರಿಗೆ ಹೋಯ್ತು" ಎಂದಳು ಶಿಷ್ಯೆ. "ಹೋಗದೆ ಇದ್ದಿದ್ರೂ ಕೊಡ್ತಿರಲಿಲ್ಲ ಬಿಡಿ." ಎಂದವಳು ಬಾಗಿಲ ಮೇಲಿನ ಹಲಗೆಯತ್ತ ಕಣ್ಣು ಹಾಯಿಸಿದಳು. ಒಗೆಯದ ಒಂದು ದಾರವೂ ಈ ಬಾಗಿಲು ದಾಟಿ ಹೊರಗೆ ಹೋಗತಕ್ಕದ್ದಲ್ಲ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಬರೆದವಳು ನಾನೇ. ಗುರುವಿಗೇ ತಿರುಮಂತ್ರ!

ಬೇರೆ ದಾರಿ ಇರಲಿಲ್ಲ. ವಾರ್ಡಿಗೆ ಹೋದೆ. ಬೀಗದವರು ಆಪರೇಷನ್‌ಗೆಂದು ಮೂರು ಸಲ ಔಷಧಿ ಸೋಪಿನಲ್ಲಿ ಸ್ನಾನ ಮಾಡಿಸಿಕೊಂಡು, ಹಸಿರು ಗೌನು ಹಾಕಿಕೊಂಡು ಮಂಚದ ಮೇಲೆ ಕುಳಿತಿದ್ದರು. ಅವರ ಮೈಯಲ್ಲೂ ಅವರ ವಾಸನೆ ಉಳಿದಿರಲಿಲ್ಲ. ನನ್ನನ್ನು ಕಂಡೊಡನೆ ಮುಖ ಬಿಳುಚಿಕೊಂಡಿತು.

"ಚಿಲಕ?"

ಹೇಳಿಬಿಟ್ಟೆ. ಒಗೆದದ್ದು, ಮುಕ್ಕಾಲು ಗಂಟೆ ಕಾಲರು ತಿಕ್ಕಿದ್ದು, ಫೋನಿನಲ್ಲಿ ಸುಳ್ಳು ಹೇಳಿದ್ದು, ಡಾಕ್ಟರು ಹೇಳಿದ್ದು, ಒಂದನ್ನೂ ಮುಚ್ಚಿಡಲಿಲ್ಲ. ಅವರು ಕಾಲನ್ನು ಮಂಚದಿಂದ ಕೆಳಗಿಳಿಸಿ ಚಪ್ಪಲಿಗೆ ತಡಕಾಡಿದರು.

"ಎಲ್ಲಿಗೆ?" ಎಂದೆ.

"ಮನೆಗೆ. ಇನ್ನೊಂದು ದಿನ ಮಾಡಿಸ್ಕೊಂಡ್ರಾಯ್ತು."

"ನಿಮ್ಮ ಕರುಳು ಇನ್ನೊಂದು ದಿನದವರೆಗೆ ಕಾಯುತ್ತಾ? ನೀವೇ ಹೋಗಿಬಿಟ್ರೆ ಅದು ಯಾರ ಅಂಗಿ ಮೂಸಬೇಕು?" ಎಂದು ಗದರಿಬಿಟ್ಟೆ. ಪಕ್ಕದ ಮಂಚದವರು ಎದ್ದು ಕುಳಿತು ನೋಡಿದರು. ಬೀಗದವರು ದಿಂಬಿನ ಕೆಳಗಿಂದ ಕೀಲಿ ತೆಗೆದರು.

"ಎಡಕ್ಕೆ ಒಂದೂವರೆ ಸುತ್ತು, ಕಾಲು ಸುತ್ತು ಹಿಂದಕ್ಕೆ, ಆಮೇಲೆ ಮೊಣಕಾಲಿಂದ ಬಾಗಿಲು ಒತ್ತಬೇಕು. ನನ್ನ ಏಪ್ರನ್ ಮಂಚದ ಮೇಲಿದೆ. ಆದ್ರೆ ಅಮ್ಮಾವ್ರೇ, ಅವನು ತಿಂದ ಅಂತ ಸುದ್ದಿ ಬರಬೇಕು. ಬರದೆ ನಾನು ಆಪರೇಷನ್ ಕೋಣೆಯೊಳಗೆ ಹೋಗಲ್ಲ. ಈ ಸಲ ಸುಳ್ಳು ಹೇಳಿದ್ರೆ ನಂಗೆ ಗೊತ್ತಾಗುತ್ತೆ."

ಆಗ ಗಂಟೆ ಹನ್ನೊಂದು. ಒಂದೂವರೆ ಸುತ್ತು ಸರಿಯಾಗಿ ಬರಲು ನನಗೆ ಹತ್ತು ನಿಮಿಷ, ಮೊಣಕಾಲಿಗೆ ಒಂದು ತರಚು ಗಾಯ. ಅಂಗಡಿಯೊಳಗೆ ಗೋಡೆಯ ತುಂಬ ಕೀಲಿಗಳು, ಕೆಲಸದ ಮೇಜಿನ ಎರಡು ಪಕ್ಕಕ್ಕೆ ಎರಡು ಸ್ಟೂಲುಗಳು. ಒಂದರ ಮೇಲೆ ಕಂದು ಕೂದಲು. ಮೇಜಿನ ತುದಿಯಲ್ಲಿ ತೊಳೆದು ಬೋರಲು ಹಾಕಿದ ಎರಡು ತಟ್ಟೆಗಳು, ಒಂದೇ ಅಳತೆಯವು. ಒಂಟಿ ಮನುಷ್ಯನಿಗೆ ಎರಡು ತಟ್ಟೆ ಯಾಕೆ ಎಂದುಕೊಂಡೆ, ಏಪ್ರನ್ ಎತ್ತಿಕೊಂಡು ಓಡಿದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದವರು ಮೂಗು ಮುಚ್ಚಿಕೊಂಡು ಎದ್ದುಹೋದರು. ಜೀವಮಾನದಲ್ಲಿ ನನಗೆ ಹೀಗೆ ಆದದ್ದು ಅದೇ ಮೊದಲು.

ಏಪ್ರನ್ನನ್ನು ರೂಮಿನಲ್ಲಿ ಹಾಸಿದ ತಕ್ಷಣ ಚಿಲಕ ಪೆಟ್ಟಿಗೆಯ ಹಿಂದಿನಿಂದ ಹೊರಗೆ ಬಂದ. ಮೂಸಿದ, ಮುಂಗಾಲಿನಿಂದ ನಾದಿದ, ಮುದುರಿ ಮಲಗಿದ. ಎದೆಯೊಳಗೆ ಗುರುಗುರು ಎಂದ. ನಾನೂ ಅಕ್ಕನೂ ಉಸಿರು ಬಿಗಿಹಿಡಿದು ಬಟ್ಟಲನ್ನು ಮುಂದೆ ತಳ್ಳಿದೆವು. ಅವನು ಬಟ್ಟಲನ್ನು ನೋಡಿದ, ನಮ್ಮನ್ನು ನೋಡಿದ, ಕಣ್ಣು ಮುಚ್ಚಿದ. ಒಂದು ಗಂಟೆಯಾಯಿತು. ತಿನ್ನಲಿಲ್ಲ.

"ಮುಗೀತು ಬಿಡು" ಎಂದೆ. ನನಗೆ ಅಳು ಬಂತು, ಅತ್ತೆ. ಅಳುತ್ತಲೇ ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ, ಬೀಗ, ಮೊಣಕಾಲು, ಸ್ಟೂಲು, ಎರಡು ತಟ್ಟೆ.

"ಎರಡು ತಟ್ಟೆನಾ?" ಎಂದಳು ಅಕ್ಕ. ಎರಡು ದಿನದಲ್ಲಿ ಅವಳು ನನ್ನ ಜೊತೆ ಆಡಿದ ಮೊದಲ ನೆಟ್ಟಗಿನ ಮಾತು. ಎದ್ದು ಹೋಗಿ ಬೀಗದವರು ತುಂಬಿಕೊಟ್ಟ ಹಾಳೆಯನ್ನು ತಂದಳು. ಊಟದ ಹೊತ್ತಿನ ಅಭ್ಯಾಸಗಳೇನು ಎಂಬ ಪ್ರಶ್ನೆಗೆ ಅವರು ವಿಶೇಷವೇನಿಲ್ಲ ಎಂದು ಬರೆದಿದ್ದರು. "ವಿಶೇಷ ಏನಿಲ್ವಂತೆ! ದಿನಾ ಬೆಕ್ಕಿನ ಎದುರು ಕೂತು ಒಟ್ಟಿಗೆ ಊಟ ಮಾಡ್ತಾನೆ ಮನುಷ್ಯ, ಬರೆಯೋಕೆ ನಾಚಿಕೆ. ಇಷ್ಟು ದಿನ ಆ ಕೊಳಕು ಕಾಲರಿನ ಜೊತೆ ಕೂತು ಉಂಡಿದೆ ಈ ಪ್ರಾಣಿ. ಒಂದು ಸಲ ಮೋಸ ಹೋದ ಮೇಲೆ ಬರೀ ಬಟ್ಟೆ ಸಾಲದು, ಎದುರಿಗೆ ಉಣ್ಣೋರೇ ಬೇಕು. ಏಳು, ತಟ್ಟೆಗೆ ಹಾಕ್ಕೊಂಡು ಬಾ."

"ನಂಗೆ ಹಸಿವಿಲ್ಲ."

"ಎರಡು ದಿನದಿಂದ ನಿನ್ನ ಗಂಟಲಲ್ಲಿ ಅನ್ನ ಇಳಿದಿಲ್ಲ ಅಂತ ನಂಗೆ ಗೊತ್ತಿಲ್ವಾ? ನಾಟಕ ಆಡಬೇಡ, ಏಳು. ಇಲ್ಲಿ ಉಪವಾಸ ಮಾಡೋರು ಒಬ್ಬರು ಸಾಕು."

ನಾನು ಒಂದು ತಟ್ಟೆ ಅನ್ನ, ಎರಡು ಮೊಟ್ಟೆ ಹಾಕಿಕೊಂಡು ಬಂದು ಚಿಲಕನ ಎದುರು ನೆಲದ ಮೇಲೆ ಕುಳಿತೆ. ಅಕ್ಕ ಅವನ ಆಹಾರವನ್ನು ಬಟ್ಟಲಿನಿಂದ ತೆಗೆದು ನನ್ನಂಥದೇ ತಟ್ಟೆಗೆ ಹಾಕಿದಳು. ಮೊದಲ ತುತ್ತು ನುಂಗಲು ಕಷ್ಟವಾಯಿತು. ಎರಡನೆಯದಕ್ಕೆ ಹೊಟ್ಟೆ ತನ್ನ ಕತೆಯನ್ನು ತಾನೇ ಹೇಳಿತು. ಅಯ್ಯೋ, ಎಷ್ಟು ಹಸಿದಿದ್ದೆ ನಾನು! ಗಬಗಬ ತಿಂದೆ. ಚಿಲಕ ಕಣ್ಣು ತೆರೆದ. ನನ್ನ ಕೈ ತಟ್ಟೆಗೆ ಹೋದದ್ದನ್ನೂ ಬಾಯಿಗೆ ಬಂದದ್ದನ್ನೂ ನೋಡಿದ. ಎದ್ದು, ಮೈಮುರಿದು, ತನ್ನ ತಟ್ಟೆಯ ಮುಂದೆ ಬಂದು ಕುಳಿತ. ಒಂದು ಚೂರು ಕಚ್ಚಿದ. ನಾನು ಒಂದು ತುತ್ತು ತಿಂದೆ. ಅವನು ಇನ್ನೊಂದು ಕಚ್ಚಿದ.

ಅಕ್ಕ ಫೋನಿನ ಉದ್ದನೆಯ ತಂತಿಯನ್ನು ಎಳೆದುಕೊಂಡು ಬಂದು ವಾರ್ಡಿಗೆ ಫೋನ್ ಹಚ್ಚಿ, ಮಾತನಾಡದೆ ರಿಸೀವರನ್ನು ಚಿಲಕನ ತಟ್ಟೆಯ ಪಕ್ಕ ಹಿಡಿದಳು. ಕುಟುಂ ಕುಟುಂ ಎಂದು ಸದ್ದು ಹೋಗುತ್ತಿತ್ತು. ಗಡಿಯಾರದಲ್ಲಿ ಒಂದು ಹತ್ತು. ಬಹಳ ಹೊತ್ತಾದ ಮೇಲೆ ನಾನು ಎಡಗೈಯಲ್ಲಿ ರಿಸೀವರ್ ತೆಗೆದುಕೊಂಡೆ.

"ಕೇಳಿಸ್ತಾ? ಈಗ ನಂಬಿಕೆ ಬಂತಾ?"

"ಬಂತು" ಎಂದರು. "ಅಮ್ಮಾವ್ರೇ, ಇನ್ನು ನಂಗೆ ನೆಪ ಇಲ್ಲ ಅಲ್ವಾ?"

"ಏನು ನೆಪ?"

"ಎರಡು ಸಲ ತಪ್ಪಿಸಿಕೊಂಡಿದ್ದು ಚಿಲಕನಿಗೋಸ್ಕರ ಅಲ್ಲ. ಅವನ ಹೆಸರು ಹೇಳ್ಕೊಂಡೆ ಅಷ್ಟೇ. ಇವತ್ತೂ ಅವನು ತಿನ್ನದೇ ಇದ್ರೆ ಸಾಕು ಅಂತ ಒಂದು ಕಡೆ ಅನ್ನಿಸ್ತಿತ್ತು, ಪಾಪಿ ನಾನು. ನಂಗೆ ತುಂಬ ಭಯ ಆಗ್ತಿದೆ."

ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದೆ. ಮೂರು ದಿನದಿಂದ ಆ ಮನುಷ್ಯ ಒಬ್ಬನೇ ಕುಳಿತು ಬೆಕ್ಕಿನ ಸುದ್ದಿ ಕೇಳುತ್ತಿದ್ದನಲ್ಲ, ಅವನ ಸುದ್ದಿಯನ್ನು ಯಾರಾದರೂ ಕೇಳಿದೆವೇ?

"ನಿಮ್ಮ ಕಡೆಯವರು ಹೊರಗೆ ಯಾರಿದಾರೆ?" ಎಂದೆ.

"ಯಾರೂ ಇಲ್ಲ. ಒಳಗೆ ಹೋಗೋ ಮುಂಚೆ ಯಾರಾದ್ರೂ ಇದಾರಾ ಅಂತ ನರ್ಸೂ ಕೇಳಿದ್ರು."

"ನಾನಿದೀನಿ ಅಂತ ಹೇಳಿ. ಬಸ್ಸು ಹತ್ತಿದೆ ಅಂತಲೇ ಹೇಳಿ."

ನಾನು ಏಳುತ್ತಿದ್ದಂತೆ ಚಿಲಕ ತಿನ್ನುವುದನ್ನು ನಿಲ್ಲಿಸಿ ತಲೆ ಎತ್ತಿದ. ಅಕ್ಕ ನನ್ನ ತಟ್ಟೆಯನ್ನು ತನ್ನತ್ತ ಎಳೆದುಕೊಂಡು, ನಾನು ಕುಳಿತಿದ್ದ ಜಾಗದಲ್ಲೇ ಕುಳಿತು, ನನ್ನ ಎಂಜಲನ್ನವನ್ನೇ ಒಂದು ತುತ್ತು ಬಾಯಿಗಿಟ್ಟಳು. "ಹೋಗೇ ಬೇಗ, ಇಲ್ಲಿ ನಾನು ನೋಡ್ಕೋತೀನಿ. ರಾತ್ರಿಗೆ ಬೇಳೆ ಬೇಯಿಸಿಡ್ತೀನಿ, ನಿನ್ನ ಪಾಲೂ ಸೇರಿಸಿ" ಎಂದಳು.

ಎರಡಕ್ಕೆ ಐದು ನಿಮಿಷವಿದ್ದಾಗ ಸ್ಟ್ರೆಚರು ಬಂತು. ಮೂವತ್ತೊಂದು ವರ್ಷದಲ್ಲಿ ಆ ಕೋಣೆಯಿಂದ ಬಂದ ಬಟ್ಟೆಗಳನ್ನೆಲ್ಲ ಒಗೆದಿದ್ದೇನೆ, ಅದರ ಹೊರಗಿನ ಬೆಂಚಿನ ಮೇಲೆ ಒಂದು ದಿನವೂ ಕುಳಿತಿರಲಿಲ್ಲ. ಬೀಗದವರು ಮಲಗಿದ್ದಲ್ಲಿಂದಲೇ ಕತ್ತು ಹೊರಳಿಸಿ ಬೆಂಚುಗಳನ್ನು ಒಂದೊಂದಾಗಿ ಹುಡುಕಿದರು. ನಾನು ಕೈ ಎತ್ತಿದೆ. ಅವರು ನನ್ನನ್ನು ನೋಡಿ, ಸ್ಟ್ರೆಚರು ತಳ್ಳುತ್ತಿದ್ದವನಿಗೆ, "ಅಗೋ, ಬಂದಿದಾರೆ. ನಮ್ಮನೆಯವರು" ಎಂದರು.